ಒಂದು ಅಪಘಾತ, ಎರಡು ಮೊಕದ್ದಮೆ

ರಸ್ತೆಯಲ್ಲಿ ಅಪಘಾತವೊಂದು ನಡೆದ ಮರುಕ್ಷಣದಲ್ಲಿ ನಮ್ಮ ಜನ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಾರೆ. ಕೆಲವರು ಬಿದ್ದವನ ಬಾಯಿಗೆ ನೀರು ಹನಿಸಲು ಓಡುತ್ತಾರೆ. ಉಳಿದವರು ವಾಹನದ ಬಾಗಿಲು ತೆರೆದು ಚಾಲಕನ ಕೊರಳಪಟ್ಟಿಗೆ ಕೈಹಾಕುತ್ತಾರೆ. ಬ್ರೇಕು ಹಿಡಿಯಲಿಲ್ಲವೋ, ಅಡ್ಡಬಂದ ದನವನ್ನು ತಪ್ಪಿಸಲು ಹೋದನೋ, ನಿದ್ದೆಗಣ್ಣಿನಲ್ಲಿದ್ದನೋ, ಕುಡಿದಿದ್ದನೋ, ಇವೆಲ್ಲ ಆಮೇಲಿನ ಮಾತು. ಆ ಹತ್ತು ನಿಮಿಷಗಳ ಮಟ್ಟಿಗೆ ರಸ್ತೆಯೇ ನ್ಯಾಯಸ್ಥಾನ, ಗುಂಪೇ ನ್ಯಾಯಾಧೀಶ; ತೀರ್ಪೂ ಅಲ್ಲಿಯೇ, ಶಿಕ್ಷೆಯೂ ಅಲ್ಲಿಯೇ.

ನಮ್ಮ ಮೋಟಾರು ವಾಹನಗಳ ಕಾಯಿದೆಯನ್ನು ರಚಿಸಿದವರಿಗೆ ಈ ದೃಶ್ಯದ ಪರಿಚಯ ಚೆನ್ನಾಗಿಯೇ ಇದ್ದಂತೆ ತೋರುತ್ತದೆ. 1988ರ ಆ ಕಾಯಿದೆಯ 134ನೆಯ ಕಲಮು, ಅಪಘಾತವಾದೊಡನೆ ಚಾಲಕನು ಗಾಯಾಳುವನ್ನು ಹತ್ತಿರದ ವೈದ್ಯರ ಬಳಿಗೋ ಆಸ್ಪತ್ರೆಗೋ ಸಾಗಿಸಬೇಕೆಂದು ವಿಧಿಸುತ್ತದೆ. ಆದರೆ ಅದೇ ಉಸಿರಿನಲ್ಲಿ ಒಂದು ವಿನಾಯಿತಿಯನ್ನೂ ಕೊಡುತ್ತದೆ: ಗುಂಪಿನ ರೋಷದಿಂದಾಗಲಿ, ತನ್ನ ಅಂಕೆಮೀರಿದ ಬೇರೆ ಕಾರಣದಿಂದಾಗಲಿ ಅದು ಸಾಧ್ಯವಾಗದಿದ್ದರೆ ಆ ಹೊಣೆ ಅವನ ಮೇಲಿಲ್ಲ. ಅಂಥವನು ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ, ಹತ್ತಿರದ ಪೋಲೀಸು ಠಾಣೆಗೆ ಹೋಗಿ ನಡೆದುದನ್ನೂ, ತಾನು ಗಾಯಾಳುವಿಗೆ ನೆರವಾಗಲಾರದೆ ಹೋದ ಕಾರಣವನ್ನೂ ತಿಳಿಸಬೇಕು. ಜನರ ಸಿಟ್ಟಿಗೆ ಹೆದರಿ ಓಡಿದವನೆಲ್ಲ ಪಾತಕಿಯಲ್ಲ ಎಂಬುದನ್ನು ಕಾನೂನೇ ಒಪ್ಪಿಕೊಂಡಿದೆ ಎಂದಾಯಿತು. ಹಾಗೆಂದು ಅವನು ಊರು ಬಿಟ್ಟು ತಲೆಮರೆಸಿಕೊಳ್ಳುವ ಹಾಗೂ ಇಲ್ಲ.

ಅಪಘಾತದ ಅನಂತರ ಗಾಯಾಳುವಿನ ಮನೆಯವರು ಒಂದು ಕಡೆ, ಚಾಲಕನ ಮನೆಯವರು ಇನ್ನೊಂದು ಕಡೆ ನಿಲ್ಲುತ್ತಾರೆ. ಒಬ್ಬರಿಗೆ ಸಿಕ್ಕುವ ನ್ಯಾಯವೆಲ್ಲ ಇನ್ನೊಬ್ಬರಿಂದ ಕಿತ್ತುಕೊಂಡದ್ದು ಎಂದು ಇಬ್ಬರೂ ನಂಬಿರುತ್ತಾರೆ. ಚಾಲಕ ಜೈಲಿಗೆ ಹೋಗದಿದ್ದರೆ ತಮಗೆ ಪರಿಹಾರ ಬರುವುದಿಲ್ಲವೆಂದು ಇವರು. ಪರಿಹಾರದ ಅರ್ಜಿ ಬಿದ್ದರೆ ತಮ್ಮ ಮನುಷ್ಯ ಜೈಲಿಗೆ ಹೋದ ಹಾಗೆಯೇ ಎಂದು ಅವರು. ಈ ನಂಬಿಕೆ ತಪ್ಪು. ಈ ಒಂದು ತಪ್ಪು ನಂಬಿಕೆಯಿಂದ ಎರಡೂ ಮನೆಗಳು ಎಷ್ಟು ಕಳೆದುಕೊಳ್ಳುತ್ತವೆಂಬುದನ್ನು ಬಲ್ಲವರು ಬಲ್ಲರು.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಕಾನೂನಿನ ಗೊಡವೆ ಏತಕ್ಕೆಂದು ಓದುಗರು ಕೇಳಬಹುದು. ಗೊಡವೆ ಬಂದದ್ದು ಪಾಠದಿಂದಲೇ.

ತಿರುಕೊಳವಿನಾಚಿಯ ಮೊರೆ

ಕನ್ನಡದಲ್ಲಿ ರಸ್ತೆಯ ಅಪಘಾತವನ್ನೇ ಕಥೆಯ ಕೇಂದ್ರವಾಗಿ ಉಳ್ಳ ಮಹಾಕಾವ್ಯವೊಂದಿದೆ ಎಂದರೆ ಕೆಲವರು ನಕ್ಕಾರು. 17ನೆಯ ಶತಮಾನದ ಷಡಕ್ಷರದೇವನ ‘ರಾಜಶೇಖರ ವಿಳಾಸ’ವನ್ನು ಓದಿದವರು ನಗಲಾರರು. ಸತ್ಯೇಂದ್ರಚೋಳನ ಮಗ ರಾಜಶೇಖರ ನಗರದ ಬೀದಿಯಲ್ಲಿ ಕುದುರೆಯೇರಿ ಹೋಗುವಾಗ ಶಂಕರನೆಂಬ ಬಾಲಕ ಗೊರಸಿಗೆ ಸಿಕ್ಕಿ ಸಾಯುತ್ತಾನೆ. ಅವನ ತಾಯಿ ತಿರುಕೊಳವಿನಾಚಿ ಅರಸನ ಬಳಿಗೆ ಬಂದು ಮೊರೆಯಿಡುತ್ತಾಳೆ. ಅರಸ ತನ್ನ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಮಗನ ಶವದ ಮುಂದೆ ಆ ತಾಯಿ ಅಳುವ ಭಾಗವನ್ನು ಓದಿ ಕಣ್ಣು ಒದ್ದೆಯಾಗದ ಕನ್ನಡ ವಿದ್ಯಾರ್ಥಿ ವಿರಳ.

ಆ ಭಾಗವನ್ನು ಪಾಠಮಾಡಿ ಮುಗಿಸಿದ ದಿನ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸಾರ್, ರಾಜ ಮಗನ ತಲೆ ತೆಗೆಸಿದರೆ ಆ ತಾಯಿಗೆ ಏನು ಬಂತು?” ಎಂದು ಕೇಳಿದಳು. ಕಾವ್ಯದಲ್ಲಿ ಇದಕ್ಕೆ ಉತ್ತರವಿದೆ: ಶಿವನ ಅನುಗ್ರಹದಿಂದ ಸತ್ತವರೆಲ್ಲ ಬದುಕುತ್ತಾರೆ. ಆದರೆ ಆ ಹುಡುಗಿ ಕೇಳಿದ್ದು ಕಾವ್ಯದ ಪ್ರಶ್ನೆಯಲ್ಲ. ನಮ್ಮ ಕೋರ್ಟುಗಳಲ್ಲಿ ಶಿವ ಪ್ರತ್ಯಕ್ಷನಾಗುವುದಿಲ್ಲ. ಕುದುರೆ ಬೆದರಿ ಓಡಿತೇ, ಸವಾರನೇ ಅಡ್ಡಾದಿಡ್ಡಿ ಓಡಿಸಿದನೇ ಎಂಬುದನ್ನು ಒಬ್ಬರು ಕೂತು ವಿಚಾರಿಸಬೇಕು. ಮಗನನ್ನು ಕಳೆದುಕೊಂಡ ತಾಯಿಯ ನಾಳಿನ ಊಟದ ಮಾತನ್ನು ಇನ್ನೊಬ್ಬರು ಕೂತು ವಿಚಾರಿಸಬೇಕು. ಇಂದಿನ ಕಾನೂನು ಈ ಎರಡು ವಿಚಾರಣೆಗಳನ್ನು ಬೇರ್ಪಡಿಸಿದೆ. ಒಂದೇ ಅಪಘಾತದಿಂದ ಎರಡು ಮೊಕದ್ದಮೆಗಳು ಹುಟ್ಟುತ್ತವೆ.

ಮೊದಲನೆಯದು ಕ್ರಿಮಿನಲ್ ಮೊಕದ್ದಮೆ. ಇದರಲ್ಲಿ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಚಾಲಕ. ಗಾಯಾಳು ಇಲ್ಲಿ ಸಾಕ್ಷಿ ಮಾತ್ರ. 1860ರ ಭಾರತ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದಿತು. ಅದರ 281ನೆಯ ಕಲಮು ಅಪಾಯಕರವಾಗಿ ವಾಹನ ಓಡಿಸಿದ್ದಕ್ಕೆ, 125ನೆಯದು ಅದರಿಂದ ಗಾಯವಾದದ್ದಕ್ಕೆ, 106ನೆಯದು ಸಾವು ಸಂಭವಿಸಿದ್ದಕ್ಕೆ. ನಿರ್ಲಕ್ಷ್ಯದಿಂದ ಸಾವಾದರೆ ಹಿಂದಿನ ಸಂಹಿತೆಯಲ್ಲಿ ಹೆಚ್ಚೆಂದರೆ 2 ವರ್ಷದ ಸೆರೆಯಿತ್ತು; ಈಗ ಅದು 5 ವರ್ಷಕ್ಕೆ ಏರಿದೆ.

ಎರಡನೆಯದು ಪರಿಹಾರದ ಮೊಕದ್ದಮೆ. ಇದು ನಡೆಯುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಲಿಯ ಮುಂದೆ. ಗಾಯಾಳು ಇಲ್ಲಿ ಅರ್ಜಿದಾರ. ಎದುರಿಗೆ ವಾಹನದ ಮಾಲೀಕ, ಚಾಲಕ ಮತ್ತು ವಿಮಾ ಕಂಪೆನಿ. ಹಿಂದೆ ಇಂಥ ಪರಿಹಾರಕ್ಕಾಗಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ, ಕೋರ್ಟು ಶುಲ್ಕ ತೆತ್ತು, ವರ್ಷಗಟ್ಟಲೆ ಕಾಯಬೇಕಾಗಿತ್ತು. 1939ರ ಕಾಯಿದೆಗೆ 1956ರಲ್ಲಿ ತಿದ್ದುಪಡಿಯಾದಾಗ ಈ ನ್ಯಾಯಮಂಡಲಿಗಳು ಹುಟ್ಟಿದವು. ಕಾಯುವುದು ಅಷ್ಟಾಗಿ ತಪ್ಪಲಿಲ್ಲವೆಂದು ಹೇಳುವವರಿದ್ದಾರೆ; ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟಿನ ನ್ಯಾಯಾಧೀಶರೇ ಈ ಕೆಲಸವನ್ನು ನಿರ್ವಹಿಸುತ್ತಾರೆ.

ಎರಡು ತಕ್ಕಡಿಗಳು

ಅಕ್ಕಸಾಲಿಯ ತಕ್ಕಡಿಯೂ ತಕ್ಕಡಿಯೇ, ಸೌದೆ ಡಿಪೋದ ತಕ್ಕಡಿಯೂ ತಕ್ಕಡಿಯೇ. ಆದರೆ ಗುಲಗಂಜಿ ತೂಕದ ವ್ಯತ್ಯಾಸ ಮೊದಲನೆಯದರಲ್ಲಿ ಮಾತ್ರ ಕಾಣುತ್ತದೆ. ಕ್ರಿಮಿನಲ್ ಕೋರ್ಟು ಅಕ್ಕಸಾಲಿಯ ತಕ್ಕಡಿಯನ್ನು ಹಿಡಿದಿದೆ. ಒಬ್ಬನ ಸ್ವಾತಂತ್ರ್ಯವನ್ನು ಕಸಿದುಕೊಳ್ಳುವ ಮೊದಲು ಅವನ ತಪ್ಪು ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು; ರುಜುವಾತು ಮಾಡುವ ಹೊಣೆ ಪೂರ್ತಿಯಾಗಿ ಸರ್ಕಾರದ್ದು. ನ್ಯಾಯಮಂಡಲಿಯ ತಕ್ಕಡಿ ಬೇರೆ. ಚಾಲಕನ ಅಜಾಗರೂಕತೆಯಿಂದ ಹೀಗಾಯಿತೆಂಬುದು, ಹಾಗಲ್ಲವೆಂಬುದಕ್ಕಿಂತ ಹೆಚ್ಚು ಸಂಭವನೀಯವಾಗಿ ಕಂಡರೆ ಅಲ್ಲಿಗೆ ಸಾಕು.

ಇದು ಬರಿಯ ತರ್ಕವಲ್ಲ. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಮಾತು ಸ್ಪಷ್ಟವಾಗುತ್ತದೆ.

ಒಂದು ನಮ್ಮ ರಾಜ್ಯದ್ದೇ. 1982ರ ನವೆಂಬರ್ 25ರ ಬೆಳಿಗ್ಗೆ ಸುಮಾರು ಎಂಟೂವರೆಗೆ, ಜನರನ್ನು ತುಂಬಿಕೊಂಡು ಹೋಗುತ್ತಿದ್ದ ಲಾರಿಯೊಂದು ಹಳ್ಳ ದಾಟುವಾಗ ಮಗುಚಿಕೊಂಡಿತು. 15 ಜನ ಸತ್ತರು. ಸುಮಾರು 18 ಜನ ಗಾಯಗೊಂಡರು. ವಿಚಾರಣಾ ಕೋರ್ಟು ಚಾಲಕನನ್ನು ಅಪರಾಧಿಯೆಂದಿತು, ಮೇಲ್ಮನವಿಯಲ್ಲಿಯೂ ಅದೇ ಉಳಿಯಿತು. ಹೈಕೋರ್ಟು ಅವನನ್ನು ಬಿಡುಗಡೆ ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1998ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆಯನ್ನೇ ಎತ್ತಿಹಿಡಿಯಿತು. ಏಕೆ? ಲಾರಿ ‘ಬಹಳ ವೇಗ’ದಲ್ಲಿತ್ತೆಂದು ಸಾಕ್ಷಿಗಳು ಹೇಳಿದ್ದರು. ವೇಗವೆಂದರೆ ಎಷ್ಟು ವೇಗ? ಹೆದ್ದಾರಿಯಲ್ಲಿ ನಿಧಾನವೆನ್ನಿಸುವುದು ಸಂತೆಬೀದಿಯಲ್ಲಿ ಭಯಂಕರವೆನ್ನಿಸೀತು. ‘ಬಹಳ ವೇಗ’ವೆಂಬ ಒಂದು ಮಾತಿನಿಂದ ಅಜಾಗರೂಕತೆ ಸಿದ್ಧವಾಗದು, ವಾಹನ ಮಗುಚಿತೆಂಬ ಕಾರಣಕ್ಕೇ ಚಾಲಕನ ತಪ್ಪನ್ನು ಊಹಿಸಿಕೊಳ್ಳಲಾಗದು ಎಂದು ಕೋರ್ಟು ಹೇಳಿತು. 15 ಸಾವುಗಳ ಭಾರ ಮನಸ್ಸಿನ ಮೇಲಿರುವಾಗ ಹೀಗೆ ಹೇಳುವುದು ಸುಲಭವಲ್ಲ. ಆದರೆ ಸತ್ತವರ ಸಂಖ್ಯೆ ಎಂದೂ ಸಾಕ್ಷ್ಯವಾಗಲಾರದು. ಚಾಲಕನ ಪಾಲಿಗೆ ಮಾತ್ರ ಆ ಬೆಳಗಿನ ಪ್ರಕರಣ ಮುಗಿಯಲು ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಇನ್ನೊಂದು ತಮಿಳುನಾಡಿನಿಂದ ಬಂದದ್ದು, 1980ರ ತೀರ್ಪು. ಕತ್ತಲಾದ ಮೇಲೆ ಹೋಗುತ್ತಿದ್ದ ಬಸ್ಸು ಜೋತುಬಿದ್ದ ವಿದ್ಯುತ್ ತಂತಿಗೆ ತಗಲಿ 26 ಜನ ಅಪಾಯಕ್ಕೆ ಸಿಕ್ಕಿದರು. ಅವರಲ್ಲಿ 8 ಜನ ಸ್ಥಳದಲ್ಲಿಯೇ ಪ್ರಾಣಬಿಟ್ಟರು. ಇದು ದೈವಘಟನೆಯೆಂದು ಕ್ರಿಮಿನಲ್ ಕೋರ್ಟು ಚಾಲಕನನ್ನು ಬಿಟ್ಟಿತು. ಚಾಲಕ ನಿರ್ದೋಷಿಯಾದ ಮೇಲೆ ಪರಿಹಾರವೇಕೆ ಕೊಡಬೇಕೆಂದು ಬಸ್ಸಿನ ಮಾಲೀಕರು ವಾದಿಸಿದರು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಆ ವಾದಕ್ಕೆ ಕಿವಿಗೊಡಲಿಲ್ಲ. ಶಿಕ್ಷೆಗೆ ಬೇಕಾದ ಅಜಾಗರೂಕತೆಯ ಅಳತೆ ಬೇರೆ, ಪರಿಹಾರಕ್ಕೆ ಬೇಕಾದದ್ದು ಬೇರೆ. ಮೊದಲನೆಯದರಲ್ಲಿ ಬಿಡುಗಡೆಯಾದ ಮಾತ್ರಕ್ಕೆ ಎರಡನೆಯದು ಬಿದ್ದುಹೋಗದು ಎಂದರು.

ಹಳ್ಳದಲ್ಲಿ ಮಗುಚಿದ ಲಾರಿಯ ಚಾಲಕನೂ ಗೆದ್ದ. ತಂತಿಗೆ ತಗಲಿದ ಬಸ್ಸಿನ ಗಾಯಾಳುಗಳೂ ಗೆದ್ದರು. ಒಬ್ಬರ ಗೆಲವು ಇನ್ನೊಬ್ಬರ ಸೋಲಾಗಲಿಲ್ಲ.

ಪರಿಹಾರದ ಹಣವನ್ನು ಚಾಲಕ ತನ್ನ ಹೆಂಡತಿಯ ತಾಳಿ ಮಾರಿ ಕಟ್ಟಬೇಕೆಂಬ ಭಯವೂ ಬಹುಮಟ್ಟಿಗೆ ಅನಾವಶ್ಯಕ. ರಸ್ತೆಗಿಳಿಯುವ ಪ್ರತಿಯೊಂದು ವಾಹನಕ್ಕೂ ಮೂರನೆಯವರ ಹಾನಿಗಾಗಿ ವಿಮೆ ಇರಲೇಬೇಕೆಂದು ಕಾಯಿದೆ ಕಡ್ಡಾಯಮಾಡಿದೆ. ವಿಮೆ ಚಾಲ್ತಿಯಲ್ಲಿದ್ದರೆ ಹಣ ಕೊಡುವುದು ಕಂಪೆನಿ. ಚಾಲಕನ ಲೈಸೆನ್ಸಿನಲ್ಲಿ ದೋಷವಿದ್ದಾಗಲೂ ಕಂಪೆನಿ ಮೊದಲು ಗಾಯಾಳುವಿಗೆ ಹಣಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲೆಂದು ಆದೇಶಿಸುವ ಕ್ರಮವನ್ನು 2004ರಲ್ಲಿ ಸುಪ್ರೀಂ ಕೋರ್ಟು ವಿವರಿಸಿದೆ. ನಿಜವಾದ ಕಷ್ಟ ವಿಮೆಯೇ ಇಲ್ಲದ ವಾಹನಗಳದ್ದು. ಹಳೆಯ ಸ್ಕೂಟರನ್ನು ವಿಮೆ ಕಟ್ಟದೆ ಓಡಿಸುವ ಸಜ್ಜನರು ನಮ್ಮ ನಡುವೆ ಕಡಿಮೆಯಿಲ್ಲ. ಒಂದು ದಿನ ಆ ಉಳಿತಾಯಕ್ಕೆ ಅವರ ಮನೆಯನ್ನೇ ತೆರಬೇಕಾದೀತು.

ಕಟಕಟೆಗೆ ಮೊದಲು

ಈಗ ಠಾಣೆಯ ಬೆಂಚಿನ ಮೇಲೆ ಕುಳಿತ ಚಾಲಕನ ಮಾತಿಗೆ ಬರೋಣ. ಇವನ ಹಕ್ಕುಗಳನ್ನು ಹೇಳಿದರೆ ಅಪರಾಧಿಯ ಪಕ್ಷ ವಹಿಸಿದಂತೆ ಎಂದು ಭಾವಿಸುವ ಓದುಗರು ದಯವಿಟ್ಟು ಒಂದು ಮಾತನ್ನು ನೆನೆಯಬೇಕು. ಕಳ್ಳತನದ ಅಥವಾ ಕೊಲೆಯ ಆಪಾದನೆ ನಮ್ಮ ಮೇಲೆ ಬರಲಾರದೆಂದು ನಾವು ಧೈರ್ಯವಾಗಿರಬಹುದು. ಆದರೆ ವಾಹನ ಓಡಿಸುವ ಯಾರೂ, ಮೇಷ್ಟರಾಗಲಿ ಡಾಕ್ಟರಾಗಲಿ ಗೃಹಿಣಿಯಾಗಲಿ, ಈ ಒಂದು ಆಪಾದನೆಯಿಂದ ಹೊರಗಿಲ್ಲ.

ಅಪಘಾತದ ಈ ಮೂರು ಅಪರಾಧಗಳೂ, ಸಾವು ಸಂಭವಿಸಿದ್ದು ಸೇರಿ, ಜಾಮೀನು ಸಿಗಬಹುದಾದ ಅಪರಾಧಗಳು. ಇಲ್ಲಿ ಜಾಮೀನು ಯಾರ ಕೃಪೆಯೂ ಅಲ್ಲ, ಹಕ್ಕು. ಠಾಣೆಯ ಅಧಿಕಾರಿಯೇ ಬಿಡಬಹುದು, ಬಿಡಬೇಕು. ದಸ್ತಗಿರಿ ಮಾಡುವ ಅಧಿಕಾರಿ ಅದರ ಕಾರಣವನ್ನೂ, ಜಾಮೀನಿನ ಹಕ್ಕು ಇದೆಯೆಂಬುದನ್ನೂ ಅವನಿಗೆ ತಿಳಿಸಬೇಕು. ಜಾಮೀನುದಾರ ಸಿಕ್ಕದ ಬಡವನಾಗಿದ್ದರೆ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬೇಕು. ಒಂದು ವಾರದೊಳಗೆ ಜಾಮೀನು ಒದಗಿಸಲಾರದವನನ್ನು ಬಡವನೆಂದೇ ಭಾವಿಸಬೇಕೆಂದು ಸಂಹಿತೆ ಹೇಳುತ್ತದೆ. ಇನ್ನೂ ಹಿಂದಕ್ಕೆ ಹೋದರೆ, ದಸ್ತಗಿರಿಯೇ ಅನಿವಾರ್ಯವಲ್ಲ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ದಸ್ತಗಿರಿ ಮಾಡಕೂಡದು, ಹಾಜರಾಗುವಂತೆ ನೋಟೀಸು ಕೊಟ್ಟರೆ ಸಾಕಾಗುವಲ್ಲಿ ಅಷ್ಟೇ ಮಾಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟು ಪೋಲೀಸರಿಗೆ ಕಟ್ಟುನಿಟ್ಟಾಗಿ ಹೇಳಿತು.

ಒಂದು ವೇಳೆ ದಸ್ತಗಿರಿಯಾದರೆ? ಸಂವಿಧಾನದ 22ನೆಯ ಅನುಚ್ಛೇದ ಇದೆ. ಕಾರಣವನ್ನು ತಿಳಿಸಬೇಕು, ತಾನು ಆರಿಸಿದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಕಾಲ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ದಸ್ತಗಿರಿಯ ವಿವರವನ್ನು ಬರೆದು ಸಾಕ್ಷಿಯ ರುಜು ಪಡೆಯಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ವೈದ್ಯರಿಂದ ಪರೀಕ್ಷೆ ಮಾಡಿಸಬೇಕು ಎಂಬ ನಿಯಮಗಳು 1996ರ ಡಿಸೆಂಬರಿನ ಡಿ. ಕೆ. ಬಸು ಮೊಕದ್ದಮೆಯ ತೀರ್ಪಿನಿಂದ ಪ್ರಸಿದ್ಧವಾದವು. ಈಗ ಅವುಗಳಲ್ಲಿ ಬಹಳಷ್ಟು ಸಂಹಿತೆಯ ಒಳಗೇ ಸೇರಿವೆ. ವೈದ್ಯರ ಪರೀಕ್ಷೆ ಈ ಸಂದರ್ಭದಲ್ಲಿ ಎರಡು ರೀತಿಯಿಂದ ಬೆಲೆಬಾಳುವಂಥದ್ದು. ಗುಂಪು ಹೊಡೆದದ್ದಕ್ಕೂ ಅದು ದಾಖಲೆ. ಅವನು ಕುಡಿದಿರಲಿಲ್ಲವೆಂಬುದಕ್ಕೂ ಅದೇ ದಾಖಲೆ. ಕುಡಿದಿದ್ದರೆ ಅದಕ್ಕೂ ದಾಖಲೆಯಾಗುತ್ತದೆಂಬುದು ನಿಜ, ಅದೂ ಆಗಬೇಕಾದದ್ದೇ.

ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಕೂಡದೆಂಬುದು 20ನೆಯ ಅನುಚ್ಛೇದದ ಮಾತು. ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದೆಂಬ ನಿಯಮ 1872ರ ಸಾಕ್ಷ್ಯ ಕಾಯಿದೆಯಿಂದ ಬಂದು 2023ರ ಹೊಸ ಅಧಿನಿಯಮದಲ್ಲಿಯೂ ಉಳಿದಿದೆ. ಇಷ್ಟು ಗೊತ್ತಿದ್ದರೆ ‘ಸುಮ್ಮನೆ ರುಜು ಹಾಕು, ಬಿಟ್ಟುಬಿಡುತ್ತಾರೆ’ ಎಂದು ಠಾಣೆಯ ಹೊರಗೆ ಉಪದೇಶ ಮಾಡುವ ಪರೋಪಕಾರಿಗಳಿಂದ ದೂರವಿರಬಹುದು. ಖಾಲಿ ಕಾಗದದ ಮೇಲೆ ರುಜು ಹಾಕುವುದಂತೂ ಚಾಲಕನಿಗೂ ಬೇಡ, ಗಾಯಾಳುವಿನ ಮನೆಯವರಿಗೂ ಬೇಡ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ ಉಚಿತ ವಕೀಲರನ್ನು ಪಡೆಯುವ ಹಕ್ಕನ್ನು ಕೆಲವರಿಗೆ ಆದಾಯದ ಮಿತಿಯಿಲ್ಲದೆಯೇ ಕೊಟ್ಟಿದೆ: ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು. ಗಮನಿಸಿ: ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೂ ಈ ಪಟ್ಟಿಯಲ್ಲಿದ್ದಾಳೆ, ಬಂಧನದಲ್ಲಿರುವ ಚಾಲಕನೂ ಇದ್ದಾನೆ. ಪ್ರತಿಯೊಂದು ಜಿಲ್ಲಾ ನ್ಯಾಯಾಲಯದಲ್ಲಿಯೂ, ತಾಲ್ಲೂಕಿನ ಕೋರ್ಟಿನಲ್ಲಿಯೂ ಇದಕ್ಕೆ ಕಚೇರಿಯುಂಟು. 15100 ಎಂಬ ದೂರವಾಣಿಯೂ ಉಂಟು. ಉಚಿತ ವಕೀಲರು ಚೆನ್ನಾಗಿ ವಾದಿಸುವುದಿಲ್ಲವೆಂಬ ಮಾತು ಕೇಳಿಬರುತ್ತದೆ. ಹಣ ತೆಗೆದುಕೊಂಡವರೆಲ್ಲ ಚೆನ್ನಾಗಿ ವಾದಿಸುತ್ತಾರೆಂದು ಎಲ್ಲಿಯೂ ಬರೆದಿಲ್ಲ.

ಇಲ್ಲಿ ಒಂದು ಬಲೆಯ ವಿಷಯವನ್ನು ಹೇಳಲೇಬೇಕು. ಸಣ್ಣ ಪ್ರಕರಣಗಳಲ್ಲಿ ಚಾಲಕನಿಗೆ ಸಿಗುವ ಸಲಹೆ ‘ತಪ್ಪಾಯಿತೆಂದು ಹೇಳಿ ದಂಡ ಕಟ್ಟಿಬಿಡು, ಅಲೆದಾಟ ತಪ್ಪುತ್ತದೆ’ ಎಂಬುದು. 281ನೆಯ ಕಲಮಿನ ದಂಡ ಹೆಚ್ಚೆಂದರೆ 1,000 ರೂಪಾಯಿ. ಒಂದು ದಿನದ ಅಲೆದಾಟಕ್ಕಿಂತ ಅಗ್ಗವೆನ್ನಿಸುವುದು ಸಹಜ. ಆದರೆ ನ್ಯಾಯಾಧೀಶರ ಮುಂದೆ ಒಪ್ಪಿಕೊಂಡ ತಪ್ಪು ಠಾಣೆಯ ತಪ್ಪೊಪ್ಪಿಗೆಯಂತೆ ಗಾಳಿಗೆ ಹೋಗುವುದಿಲ್ಲ. ಅದು ಪರಿಹಾರ ನ್ಯಾಯಮಂಡಲಿಯ ಮುಂದೆ ಅವನ ವಿರುದ್ಧ ಬರುತ್ತದೆ. ಲೈಸೆನ್ಸಿನ ಮೇಲೆ ಬರುತ್ತದೆ. ಬಸ್ಸಿನ ನೌಕರಿಯಲ್ಲಿದ್ದವನಾದರೆ ಇಲಾಖೆಯ ವಿಚಾರಣೆಯ ಕಡತದೊಳಗೂ ಸೇರುತ್ತದೆ. ನಿಜವಾಗಿ ತಪ್ಪು ಮಾಡಿದವನು ಒಪ್ಪಿಕೊಂಡರೆ ಅದು ಅವನ ಯೋಗ್ಯತೆ. ಬೇಸರ ಕಳೆಯುವುದಕ್ಕೆಂದು ಒಪ್ಪಿಕೊಳ್ಳುವುದಾದರೆ ಮೊದಲು ವಕೀಲರೊಬ್ಬರನ್ನು ಕೇಳಿ ಒಪ್ಪಿಕೊಳ್ಳುವುದು ವಿಹಿತ.

ಓಡಿಹೋದವನ ವಿಷಯಕ್ಕೆ ಹೊಸ ಸಂಹಿತೆಯಲ್ಲಿ ಇನ್ನೊಂದು ಉಪಕಲಮನ್ನು ಬರೆದರು. ಸಾವಿಗೆ ಕಾರಣನಾಗಿ, ಯಾರಿಗೂ ತಿಳಿಸದೆ ಓಡಿದರೆ 10 ವರ್ಷದವರೆಗೆ ಸೆರೆ. 2024ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಹಲವೆಡೆ ಲಾರಿ ಚಾಲಕರು ಗಾಡಿ ನಿಲ್ಲಿಸಿ ಪ್ರತಿಭಟಿಸಿದರು. ನಿಂತರೆ ಗುಂಪು ಹೊಡೆಯುತ್ತದೆ, ಓಡಿದರೆ ಕಾನೂನು ಹಿಡಿಯುತ್ತದೆ, ನಾವು ಎಲ್ಲಿ ಹೋಗೋಣ ಎಂಬುದು ಅವರ ಪ್ರಶ್ನೆ. ಜುಲೈಯಲ್ಲಿ ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮೊಂದನ್ನು ಬಿಟ್ಟೇ ಜಾರಿಗೆ ತಂದರು. ನನ್ನ ಅಭಿಪ್ರಾಯದಲ್ಲಿ ಚಾಲಕರ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಪಾರ್ಲಿಮೆಂಟಿಗಿಂತ ಹೆಚ್ಚಾಗಿ ರಸ್ತೆಯ ಬದಿಯಲ್ಲಿ ಗುಂಪುಗೂಡುವ ನಾವೇ.

ಕೈಯ ಬೆಲೆ

ಗಾಯಾಳುವಿನ ಕಡೆಗೆ ಬಂದರೆ, ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಎಷ್ಟು ಬರುತ್ತದೆ? ಹೋದ ಕೈಗೆ, ಹೋದ ಕಾಲಿಗೆ ಬೆಲೆ ಕಟ್ಟುವುದು ಕ್ರೂರವೆನ್ನಿಸಬಹುದು. ಬೆಲೆ ಕಟ್ಟದೆ ಬರಿಗೈಯಲ್ಲಿ ಕಳಿಸುವುದು ಅದಕ್ಕಿಂತ ಕ್ರೂರ. ಈ ಲೆಕ್ಕಕ್ಕೆ ದೇಶದಲ್ಲೆಲ್ಲ ಒಂದು ಹದ ತಂದುಕೊಟ್ಟ ತೀರ್ಪುಗಳನ್ನು ಬರೆದವರು ಕರ್ನಾಟಕದ ಹೈಕೋರ್ಟಿನಿಂದ ಮೇಲೆ ಹೋದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರೆಂಬುದು ನಮಗೆ ಸಂತೋಷದ ಸಂಗತಿ. ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿಯನ್ನು ಅವರು 2009ರಲ್ಲಿ ಖಚಿತಪಡಿಸಿದರು: 21ರಿಂದ 25ರ ವಯಸ್ಸಿಗೆ 18, 31ರಿಂದ 35ಕ್ಕೆ 16, 41ರಿಂದ 45ಕ್ಕೆ 14, ಹೀಗೆ ಇಳಿಯುತ್ತ 65 ದಾಟಿದವರಿಗೆ 5. ವರ್ಷದ ಆದಾಯದ ನಷ್ಟವನ್ನು ಈ ಗುಣಕದಿಂದ ಹೆಚ್ಚಿಸಿದರೆ ಮುಂದಿನ ಗಳಿಕೆಯ ನಷ್ಟ ಸಿಗುತ್ತದೆ. ಆಸ್ಪತ್ರೆಯ ಖರ್ಚು, ನೋವು, ಬದುಕಿನ ಸವಿ ಕಳೆದುಕೊಂಡದ್ದು, ಇವು ಬೇರೆ ಬಾಬುಗಳು.

ಆದರೆ ‘ನಷ್ಟ’ವೆಂಬುದನ್ನು ಅಳೆಯುವುದು ಹೇಗೆ? ಇದಕ್ಕೆ 2011ರ ಅವರ ಇನ್ನೊಂದು ತೀರ್ಪನ್ನು ನೋಡಬೇಕು. ಎಡಗೈ ಕಳೆದುಕೊಂಡವನಿಗೆ ವೈದ್ಯರು ಶೇಕಡಾ 60ರಷ್ಟು ಅಂಗವೈಕಲ್ಯವೆಂದು ಬರೆದುಕೊಟ್ಟರೆನ್ನಿ. ಅವನು ಸರ್ಕಾರಿ ಕಚೇರಿಯ ಗುಮಾಸ್ತನಾದರೆ ನೌಕರಿ ಉಳಿಯಬಹುದು. ಗಳಿಕೆಯ ನಷ್ಟ ಶೇಕಡಾ 60 ಆಗಲಾರದು. ಅವನು ಬಡಗಿಯೋ ಚಾಲಕನೋ ಆಗಿದ್ದರೆ ನಷ್ಟ ಬಹುಪಾಲು ಶೇಕಡಾ 100. ಡಾಕ್ಟರು ಅಳೆಯುವುದು ದೇಹವನ್ನು. ನ್ಯಾಯಾಧೀಶರು ಅಳೆಯಬೇಕಾದದ್ದು ಆ ದೇಹ ಮಾಡುತ್ತಿದ್ದ ಕಸುಬನ್ನು.

ಇದರ ಅಂತರವನ್ನು ಅಂಕಿಗಳಲ್ಲಿ ನೋಡೋಣ. ತಿಂಗಳಿಗೆ 15,000 ರೂಪಾಯಿ ಗಳಿಸುವ 32 ವರ್ಷದ ಬಡಗಿಯೊಬ್ಬನನ್ನು ಊಹಿಸಿಕೊಳ್ಳಿ. ವರ್ಷಕ್ಕೆ 1,80,000. 40ರೊಳಗಿನ ಸ್ವಂತ ಕಸುಬಿನವನಿಗೆ ಮುಂದಿನ ಏಳಿಗೆಯ ಬಾಬಿನಲ್ಲಿ ಶೇಕಡಾ 40 ಸೇರಿಸಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನಪೀಠ ಹೇಳಿದೆ. ಅದನ್ನು ಗಾಯಾಳುಗಳಿಗೂ ಅನ್ವಯಿಸಿ 2018ರಲ್ಲಿ ತೀರ್ಪು ಬಂದದ್ದು ಎರಡೂ ಕೈಗಳ ಶಕ್ತಿ ಕಳೆದುಕೊಂಡ ತರುಣ ಬಡಗಿಯೊಬ್ಬನ ಮೊಕದ್ದಮೆಯಲ್ಲಿಯೇ. ಸೇರಿಸಿದರೆ 2,52,000. ಗುಣಕ 16. ಒಟ್ಟು 40,32,000 ರೂಪಾಯಿ. ವೈದ್ಯರ ಶೇಕಡಾ 60ನ್ನೇ ಹಿಡಿದು ಕೂತರೆ 24,19,200. ವ್ಯತ್ಯಾಸ 16 ಲಕ್ಷಕ್ಕೂ ಮಿಗಿಲು. ಅವನು ಬಡಗಿಯೆಂಬುದಕ್ಕೂ, ತಿಂಗಳಿಗೆ ಅಷ್ಟು ಗಳಿಸುತ್ತಿದ್ದನೆಂಬುದಕ್ಕೂ ಒಂದು ಪುರಾವೆ ಇಲ್ಲದ ಕಾರಣಕ್ಕೆ ಈ ಹಣ ಕೈತಪ್ಪುವುದುಂಟು. ಕೆಲಸ ಕೊಟ್ಟವರ ಒಂದು ಚೀಟಿ, ಬ್ಯಾಂಕಿನ ಪುಸ್ತಕದ ನಾಲ್ಕು ಪುಟ, ಕೂಲಿ ಬರೆದಿಟ್ಟ ಹಳೆಯ ಡೈರಿ, ಇವನ್ನು ಎಸೆಯಬಾರದು. ಮನೆಗೆಲಸವನ್ನು ಮಾತ್ರ ನೋಡಿಕೊಳ್ಳುವ ಗೃಹಿಣಿಯ ದುಡಿಮೆಗೂ ಬೆಲೆಯಿದೆಯೆಂದು ಕೋರ್ಟುಗಳು ಹಲವು ಬಾರಿ ಹೇಳಿವೆ. 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಎತ್ತಿ ಹೇಳಿತು.

ಯಾವ ತಪ್ಪನ್ನೂ ರುಜುವಾತು ಮಾಡದೆ ಪಡೆಯಬಹುದಾದ ನಿಗದಿಯಾದ ಪರಿಹಾರವೂ ಉಂಟು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಗುದ್ದಿದ ವಾಹನ ಯಾವುದೆಂದೇ ತಿಳಿಯದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಈ ಕೊನೆಯ ಮೊತ್ತ ಇದೆಯೆಂಬುದನ್ನೇ ಅರಿಯದವರು ಹಳ್ಳಿಗಳಲ್ಲಿ ಬಹಳ ಜನ.

ಠಾಣೆಯ ಆವರಣದಲ್ಲಿ, ಇಲ್ಲವೇ ಆಸ್ಪತ್ರೆಯ ಮೆಟ್ಟಿಲ ಮೇಲೆ ನಡೆಯುವ ‘ರಾಜಿ’ಯ ವಿಷಯ. ಮಾಲೀಕನ ಕಡೆಯವರು ಬಂದು ಹತ್ತಿಪ್ಪತ್ತು ಸಾವಿರ ಕೈಗಿಟ್ಟು ‘ಕೇಸು ಬೇಡ’ ಎನ್ನುತ್ತಾರೆ. ಕೈಯಲ್ಲಿ ಕಾಸಿಲ್ಲದ ಮನೆಗೆ ಆ ಹೊತ್ತಿಗೆ ಅದೇ ದೊಡ್ಡದು. ಸಾವಿನ ಪ್ರಕರಣವನ್ನು ಎರಡು ಕಡೆಯವರೂ ತಾವೇ ರಾಜಿಮಾಡಿ ಮುಗಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ರಾಜಿ ಬೇಕಾದರೆ ಲೋಕ ಅದಾಲತ್ತಿನಲ್ಲಿ, ವಿಮಾ ಕಂಪೆನಿಯೊಡನೆ, ಲೆಕ್ಕ ಮಾಡಿ ಆಗಲಿ. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಅಪೀಲು ಇಲ್ಲ. ಅಪೀಲು ಇಲ್ಲವೆಂಬುದನ್ನು ಮರೆಯದೆ, ಮೊತ್ತ ಸರಿಯೆನ್ನಿಸಿದರೆ ಮಾತ್ರ ಒಪ್ಪಬೇಕು.

ಕಾಲದ ಮಾತೂ ಮುಖ್ಯ. ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕೆಂದು ಅದೇ ತಿದ್ದುಪಡಿ ಗಡುವು ಹಾಕಿದೆ. ಈ ಗಡುವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಅರ್ಜಿಗಳು ಹೋಗಿವೆ. ಅದರ ಭರವಸೆಯ ಮೇಲೆ ತಡಮಾಡುವುದು ಜಾಣತನವಲ್ಲ. ಅಪಘಾತವಾದ ಊರಿನಲ್ಲಿಯೇ ಅರ್ಜಿ ಹಾಕಬೇಕೆಂದಿಲ್ಲ. ತಾವು ವಾಸಿಸುವ ಊರಿನ ನ್ಯಾಯಮಂಡಲಿಯಲ್ಲಿಯೂ ಹಾಕಬಹುದು. ಹುಬ್ಬಳ್ಳಿಯ ಹತ್ತಿರ ಗಾಯಗೊಂಡ ಮೈಸೂರಿನವನು ಹುಬ್ಬಳ್ಳಿಗೆ ಅಲೆಯಬೇಕಾಗಿಲ್ಲ. ದೂರು ಕೊಟ್ಟವರಿಗೆ ಪ್ರಥಮ ವರ್ತಮಾನ ವರದಿಯ ಒಂದು ಪ್ರತಿ ಪುಕ್ಕಟೆಯಾಗಿ ಸಿಗಬೇಕು, ಕೇಳಿ ಪಡೆಯಿರಿ. ಗಾಯಾಳುವನ್ನು ಆಸ್ಪತ್ರೆಗೆ ಹೊತ್ತುತಂದ ದಾರಿಹೋಕನನ್ನು ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲವೆಂಬುದೂ 2019ರ ತಿದ್ದುಪಡಿಯಿಂದ ಕಾನೂನೇ ಆಗಿದೆ. ಕೋರ್ಟಿಗೆ ಅಲೆಯಬೇಕಾದೀತೆಂಬ ಭಯದಿಂದ ಮುಖ ತಿರುಗಿಸಿ ಹೋಗುವವರಿಗೆ ಇನ್ನು ಆ ನೆಪವಿಲ್ಲ.

ಹಣ ಬಂದ ಮೇಲಿನ ಕಥೆಯೂ ಒಂದಿದೆ. ದೊಡ್ಡ ಮೊತ್ತ ಕೈಗೆ ಬಂದ ದಿನ ಇಲ್ಲದ ನೆಂಟರು ಹುಟ್ಟಿಕೊಳ್ಳುವುದನ್ನು ನ್ಯಾಯಾಧೀಶರೂ ಕಂಡಿದ್ದಾರೆ. ಅದಕ್ಕಾಗಿ, ಸತ್ತವನ ಮಕ್ಕಳು ಅಪ್ರಾಪ್ತರಾಗಿದ್ದರೆ ಅವರ ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸಬೇಕೆಂದು 1994ರಲ್ಲಿ ಸುಪ್ರೀಂ ಕೋರ್ಟು ನಿರ್ದೇಶನ ಕೊಟ್ಟಿತು. ವಿಧವೆಗೂ, ಓದುಬರಹ ಬಾರದವರಿಗೂ ಮೊತ್ತದ ಒಂದಂಶವನ್ನು ಹೀಗೆಯೇ ಕಾಪಾಡುವುದುಂಟು. ‘ನಮ್ಮ ಹಣ ನಮಗೆ ಕೊಡಲು ಇವರಿಗೇನು ಸಂಕಟ’ ಎಂದು ದೊಡ್ಡಪ್ಪಂದಿರು ಗೊಣಗುತ್ತಾರೆ. ನಿಜವಾದ ಅಗತ್ಯ ಬಿದ್ದರೆ, ಮಗುವಿನ ಚಿಕಿತ್ಸೆಗೋ ಓದಿಗೋ, ಅರ್ಜಿ ಹಾಕಿ ನಡುವೆಯೇ ತೆಗೆಯಬಹುದು. ಇಲ್ಲದಿದ್ದರೆ ಆ ಠೇವಣಿಯ ಚೀಟಿ ಕಬ್ಬಿಣದ ಪೆಟ್ಟಿಗೆಯಲ್ಲಿ ವರ್ಷಗಳ ಕಾಲ ಹಾಗೆಯೇ ಇರುತ್ತದೆ. ತೊಟ್ಟಿಲಲ್ಲಿದ್ದಾಗ ತಂದೆಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ಹದಿನೆಂಟು ತುಂಬಿದ ಮೇಲೆ, ತಾಯಿಯ ಜೊತೆಯಲ್ಲಿ ಬ್ಯಾಂಕಿಗೆ ಹೋಗಿ, ಅದರ ಹಿಂಬದಿಯಲ್ಲಿ ತನ್ನ ರುಜುವನ್ನು ಮೊದಲ ಬಾರಿಗೆ ಹಾಕುತ್ತಾಳೆ.